ಹೊಸ ಅಕ್ವೇರಿಯಂ ತೊಳೆಯುವುದು ಹೇಗೆ? ಜಳಕೋಟದ ಬೋರ್ ನೀರಿಗೂ ಕರಾವಳಿಯ ಬಾವಿ ನೀರಿಗೂ ಬೇರೆ ಬೇರೆ ಲೆಕ್ಕ

ಮನೆಗೆ ಹೊಸ ಅಕ್ವೇರಿಯಂ ಬಂದ ಮೊದಲ ಎರಡು ದಿನ ಎಲ್ಲ ಚೆನ್ನಾಗಿಯೇ ಇರುತ್ತದೆ. ಮೂರ್ನಾಲ್ಕು ದಿನ ಕಳೆಯುವಾಗ ನೀರು ಹಾಲು ಬೆರೆಸಿದ ಹಾಗೆ ಮಸುಕಾಗುತ್ತದೆ. ಮನೆಯವರು ಗಾಬರಿಯಾಗಿ ಮೀನನ್ನು ಬಕೆಟ್‌ಗೆ ಹಾಕಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಲ್ಲು, ಫಿಲ್ಟರ್ ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದು ಹೊಸ ನೀರು ತುಂಬಿಸುತ್ತಾರೆ. ಎರಡು ದಿನ ನೀರು ತಿಳಿಯಾಗಿರುತ್ತದೆ, ಮತ್ತೆ ಅದೇ ಮಸುಕು, ಮತ್ತೆ ತೊಳೆಯುವುದು. ಎರಡು ಮೂರು ಸಲ ಹೀಗೆ ಮಾಡುವಷ್ಟರಲ್ಲಿ ಮೀನು ಮೇಲೆ ತೇಲುತ್ತದೆ. ಅಂಗಡಿಯವ ಕೊಟ್ಟ ಮೀನೇ ಸರಿ ಇರಲಿಲ್ಲ ಎಂಬ ಮಾತು ಬರುತ್ತದೆ. ಆದರೆ ಹೆಚ್ಚಿನ ಸಲ ಮೀನಿನದ್ದು ಏನೂ ತಪ್ಪಿರುವುದಿಲ್ಲ. ನೀರನ್ನು ಕಾಯಬೇಕಿದ್ದ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾವನ್ನು ಪ್ರತಿ ಸಲ ತೊಳೆದು ಚರಂಡಿಗೆ ಬಿಟ್ಟದ್ದೇ ಕಾರಣ.

ಕ್ಲೀನಿಂಗ್ ಬೇಕು, ಆದರೆ ಅದಕ್ಕೊಂದು ಅಳತೆ ಉಂಟು. ಆ ಅಳತೆ ಊರಿನ ನೀರಿನ ಮೇಲೆ ನಿಂತಿದೆ. ಮಂಗಳೂರಿನ ಬಾವಿ ನೀರಿಗೆ ಸರಿಯಾದ ಕ್ರಮ ಮಹಾರಾಷ್ಟ್ರದ ಗಡಿಭಾಗದ ಜಳಕೋಟದಲ್ಲಿ ಹಾಗೆಯೇ ನಡೆಯುವುದಿಲ್ಲ. ಲಾತೂರು ಜಿಲ್ಲೆಯ ಜಳಕೋಟ, ಉದಗೀರ, ನಿಲಂಗಾ, ಪಕ್ಕದ ಧಾರಾಶಿವ ಜಿಲ್ಲೆಯ ಉಮರ್ಗಾ ಭಾಗದಲ್ಲಿ ಕನ್ನಡ ಮಾತಾಡುವ ಮನೆಗಳು ಇವತ್ತಿಗೂ ಇವೆ. 1956ಕ್ಕೆ ಮೊದಲು ಉದಗೀರ ಮತ್ತು ನಿಲಂಗಾ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದವು. ಭಾಷೆ ಒಂದೇ ಆದರೂ ನೀರು ಮಾತ್ರ ಪೂರ್ತಿ ಬೇರೆ.

ನೀರಿನೊಳಗೆ ನಡೆಯುವುದೇನು?

ಮೀನಿನ ಹಿಕ್ಕೆ, ಅದು ಕಿವಿರಿನಿಂದ ಹೊರಹಾಕುವ ತ್ಯಾಜ್ಯ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವೆಲ್ಲ ಸೇರಿ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅಮೋನಿಯಾ ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ, ರಕ್ತ ಆಮ್ಲಜನಕ ಹೊರುವುದನ್ನು ಅದು ತಡೆಯುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಅದು ಹತೋಟಿಯಲ್ಲಿರುತ್ತದೆ. ಮಣ್ಣಿನಲ್ಲಿ ನಡೆಯುವ ಈ ಕ್ರಿಯೆ ಎರಡು ಬೇರೆ ಬೇರೆ ಬ್ಯಾಕ್ಟೀರಿಯಾಗಳ ಕೆಲಸ ಎಂದು ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೆ ತೋರಿಸಿಕೊಟ್ಟರು. ಮನೆಯ ಗಾಜಿನ ಟ್ಯಾಂಕ್‌ನಲ್ಲಿ ನಡೆಯುವುದೂ ಅದೇ.

ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡು ಇರುವುದು ಕಮ್ಮಿ. ಅವು ಫಿಲ್ಟರಿನ ಸ್ಪಂಜು, ತಳದ ಜಲ್ಲಿ, ಗಾಜು, ಗಿಡದ ಎಲೆ ಇವುಗಳ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಬೆಳೆಯುವುದೂ ನಿಧಾನ. ಹೊಸ ಟ್ಯಾಂಕ್‌ನಲ್ಲಿ ಇವು ಸಾಕಷ್ಟು ಆಗಲಿಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆ ಅವಧಿಯಲ್ಲಿ ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಎರಡೂ ಸೊನ್ನೆಗೆ ಬಂದ ಮೇಲೆ ಟ್ಯಾಂಕ್ ಹದಕ್ಕೆ ಬಂತು ಅಂತ ಲೆಕ್ಕ. ಮಧ್ಯದಲ್ಲಿ ಎಲ್ಲ ತೊಳೆದರೆ ಲೆಕ್ಕ ಮತ್ತೆ ಒಂದನೇ ದಿನದಿಂದ ಶುರು.

ಮೊದಲ ವಾರದ ಬಿಳಿ ಮಸುಕು ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಒಮ್ಮೆಗೇ ಹೆಚ್ಚಾದದ್ದು. ಆಹಾರ ಕಮ್ಮಿ ಮಾಡಿ, ಗಾಳಿಯ ಪಂಪ್ ಓಡಿಸುತ್ತಾ ಇದ್ದರೆ ಕೆಲವು ದಿನಗಳಲ್ಲಿ ತಾನೇ ತಿಳಿಯಾಗುತ್ತದೆ. ಅದಕ್ಕಾಗಿ ಟ್ಯಾಂಕ್ ಖಾಲಿ ಮಾಡ್ಲಿಕ್ಕೆ ಇಲ್ಲ.

ಜಳಕೋಟದ ನೀರು, ಕರಾವಳಿಯ ನೀರು

ಮರಾಠವಾಡದ ಈ ಭಾಗ ಇರುವುದು ದಖ್ಖನ್ನಿನ ಬಸಾಲ್ಟ್ ಕಪ್ಪು ಕಲ್ಲಿನ ಮೇಲೆ. ಆ ಕಲ್ಲಿನ ಬಿರುಕುಗಳಲ್ಲಿ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತದೆ. ಬೋರ್‌ವೆಲ್ ನೀರು ಗಡಸು, ಸ್ವಲ್ಪ ಕ್ಷಾರೀಯ. ಬಕೆಟ್, ನಲ್ಲಿ, ಸ್ಟೀಲ್ ಪಾತ್ರೆಗಳ ಮೇಲೆ ಬಿಳಿ ಪೊರೆ ಕಟ್ಟುವುದು ಅದರ ಗುರುತು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಇದು ಉಲ್ಟಾ. ಇಲ್ಲಿಯ ಬಾವಿ ನೀರು ಮೃದು. ಎಷ್ಟೋ ಬಾವಿಗಳಲ್ಲಿ ಪಿಎಚ್ 7ಕ್ಕಿಂತ ಕೆಳಗೆ, ಅಂದರೆ ಆಮ್ಲದ ಕಡೆಗೆ ಇರುತ್ತದೆ.

ಮೀನು ಸಾಕುವವರಿಗೆ ಈ ವ್ಯತ್ಯಾಸ ಯಾಕೆ ಮುಖ್ಯ? ನೀರಿನಲ್ಲಿರುವ ಅಮೋನಿಯಾದಲ್ಲಿ ಎರಡು ರೂಪ ಉಂಟು, ಒಂದು ಹೆಚ್ಚು ವಿಷ, ಇನ್ನೊಂದು ಅಷ್ಟಿಲ್ಲ. ಪಿಎಚ್ ಮತ್ತು ಬಿಸಿ ಏರಿದ ಹಾಗೆ ವಿಷದ ಪಾಲು ಹೆಚ್ಚುತ್ತದೆ. 28 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಶೇ. 1ಕ್ಕಿಂತ ಕಮ್ಮಿ. ಪಿಎಚ್ 8 ಆದರೆ ಅದು ಶೇ. 6ರ ಆಸುಪಾಸಿಗೆ ಹೋಗುತ್ತದೆ. ಒಂದೇ ಪ್ರಮಾಣದ ಕೊಳೆ ಕರಾವಳಿಯ ಟ್ಯಾಂಕ್‌ನಲ್ಲಿ ಮೀನನ್ನು ಸುಸ್ತು ಮಾಡಿದರೆ, ಜಳಕೋಟದ ಬೇಸಿಗೆಯಲ್ಲಿ ಕೊಂದೇಬಿಡಬಹುದು. ಹಾಗಾಗಿ ಗಡಸು ನೀರಿನ ಊರಿನಲ್ಲಿ ಮೊದಲ ಆರು ವಾರ ಮೀನು ಕಮ್ಮಿ, ಆಹಾರ ಇನ್ನೂ ಕಮ್ಮಿ ಇರಬೇಕು.

ಕರಾವಳಿಯ ತೊಂದರೆ ಬೇರೆ. ಪಿಎಚ್ 6ರ ಹತ್ತಿರ ಇಳಿದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾವೇ ಮಂಕಾಗುತ್ತದೆ, ಟ್ಯಾಂಕ್ ಹದಕ್ಕೆ ಬರಲಿಕ್ಕೆ ತಡವಾಗುತ್ತದೆ. ಅಲ್ಲಿ ಚೆನ್ನಾಗಿ ತೊಳೆದ ಚಿಪ್ಪಿನ ಚೂರನ್ನು ಒಂದು ಹಿಡಿಯಷ್ಟು ಸಣ್ಣ ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನ ಹತ್ತಿರ ಇಟ್ಟರೆ ನೀರು ನಿಧಾನಕ್ಕೆ ಸರಿಯಾಗುತ್ತದೆ. ಅದೇ ಚಿಪ್ಪನ್ನು ಚಂದಕ್ಕೆ ಅಂತ ಜಳಕೋಟದ ಟ್ಯಾಂಕ್‌ಗೆ ಹಾಕಿದರೆ ಮೊದಲೇ ಗಡಸು ಇರುವ ನೀರು ಇನ್ನೂ ಗಡಸಾಗುತ್ತದೆ. ಒಂದು ಕಡೆ ಔಷಧ, ಇನ್ನೊಂದು ಕಡೆ ತೊಂದರೆ.

ಮೀನಿನ ಆಯ್ಕೆಯೂ ನೀರು ನೋಡಿಯೇ ಆಗಬೇಕು. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಗಡಸು ನೀರಿಗೆ ಹೊಂದುತ್ತವೆ. ಟೆಟ್ರಾ, ರಾಸ್ಬೋರಾ ಜಾತಿಗಳಿಗೆ ಮೃದು ನೀರು ಇಷ್ಟ. ಇದ್ದ ನೀರನ್ನು ಔಷಧ ಹಾಕಿ ಬದಲಿಸುವುದಕ್ಕಿಂತ ಆ ನೀರಿಗೆ ಒಗ್ಗುವ ಮೀನು ತರುವುದು ಸುಲಭ, ಖರ್ಚೂ ಕಮ್ಮಿ.

ಮೀನು ತರುವ ಮೊದಲು

ಹೊಸ ಟ್ಯಾಂಕನ್ನು ಬರೀ ನೀರಿನಲ್ಲಿ ತೊಳೆದರೆ ಸಾಕು. ಸೋಪು, ಪಾತ್ರೆ ತೊಳೆಯುವ ಪೌಡರ್, ಫಿನಾಯಿಲ್, ಗಾಜು ಒರೆಸುವ ಸ್ಪ್ರೇ ಬೇಡವೇ ಬೇಡ. ಇವು ಸಿಲಿಕೋನ್ ಅಂಟು ಮತ್ತು ಜಲ್ಲಿಯಲ್ಲಿ ಉಳಿದು ಆಮೇಲೆ ನೀರಿಗೆ ಇಳಿಯುತ್ತವೆ. ಕಲೆ ಇದ್ದರೆ ಅಡುಗೆ ಉಪ್ಪಿನಲ್ಲಿ ಉಜ್ಜಿ, ಎರಡು ಮೂರು ಸಲ ನೀರು ಹಾಕಿ ತೊಳೆಯಬಹುದು. ಹೊಸ ಅಂಟಿನಿಂದ ವಿನೆಗರ್‌ನಂಥ ಹುಳಿ ವಾಸನೆ ಬರುತ್ತಿದ್ದರೆ ಅದು ಪೂರ್ತಿ ಹೋಗುವ ತನಕ ಕಾಯಬೇಕು.

ಜಲ್ಲಿಯನ್ನು ಬಕೆಟ್‌ನಲ್ಲಿ ಹಾಕಿ ನೀರು ತಿಳಿಯಾಗುವ ತನಕ ಕದಡಿ ಬಸಿಯಬೇಕು. ಒಂದೆರಡು ಕಲ್ಲಿನ ಮೇಲೆ ವಿನೆಗರ್ ಅಥವಾ ಲಿಂಬೆರಸ ಬಿಟ್ಟು ನೋಡುವುದು ಒಳ್ಳೆಯದು. ನೊರೆ ಗುಳ್ಳೆ ಬಂದರೆ ಅದರಲ್ಲಿ ಸುಣ್ಣದ ಅಂಶ ಉಂಟು. ಗಡಸು ನೀರಿನ ಊರಿನಲ್ಲಿ ಅಂಥ ಕಲ್ಲು, ಮಾರ್ಬಲ್ ಚೂರು ಬಳಸಬಾರದು. ಸಮುದ್ರದ ಮರಳು ಎರಡೂ ಕಡೆಗೆ ಬೇಡ.

ಟ್ಯಾಂಕ್ ಎಷ್ಟು ಲೀಟರ್‌ನದ್ದು ಅಂತ ಮೊದಲೇ ಗೊತ್ತಿರಬೇಕು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಟ್ಯಾಂಕ್ ಅಂದರೆ 54 ಲೀಟರ್. ಜಲ್ಲಿ ಮತ್ತು ಮೇಲೆ ಬಿಡುವ ಜಾಗ ಕಳೆದರೆ ಸುಮಾರು 45 ಲೀಟರ್ ನೀರು. ಔಷಧ, ಕ್ಲೋರಿನ್ ತೆಗೆಯುವ ದ್ರಾವಣ, ನೀರು ಬದಲಿಸುವ ಪ್ರಮಾಣ ಎಲ್ಲದಕ್ಕೂ ಈ ಅಂಕೆಯೇ ಆಧಾರ. ಗಾಜು, ಕಲ್ಲು, ನೀರು ಸೇರಿ 60 ಕಿಲೋ ದಾಟುತ್ತದೆ, ಸಪೂರ ಕಾಲಿನ ಟೀಪಾಯಿ ತಡೆಯುವುದಿಲ್ಲ.

ಮೊದಲ ಆರು ವಾರ

ಎಲ್ಲಕ್ಕಿಂತ ಒಳ್ಳೆಯದು ಮೀನಿಲ್ಲದೆ ಶುರು ಮಾಡುವುದು. ನೀರು ತುಂಬಿಸಿ, ಫಿಲ್ಟರ್ ಓಡಿಸಿ, ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿದರೆ ಅದು ಕೊಳೆತು ಅಮೋನಿಯಾ ಆಗಿ ಬ್ಯಾಕ್ಟೀರಿಯಾಕ್ಕೆ ಊಟ ಸಿಗುತ್ತದೆ. ಪರಿಚಯದವರ ಮನೆಯಲ್ಲಿ ಆರೋಗ್ಯವಾಗಿರುವ ಹಳೆಯ ಟ್ಯಾಂಕ್ ಇದ್ದರೆ ಅದರ ಫಿಲ್ಟರ್ ಸ್ಪಂಜಿನ ಒಂದು ತುಂಡನ್ನು ಅದೇ ಟ್ಯಾಂಕ್‌ನ ನೀರಿನಲ್ಲಿ ಮುಳುಗಿಸಿ ತಂದು ಹೊಸ ಫಿಲ್ಟರಿಗೆ ಸೇರಿಸಬಹುದು. ಸಮಯ ತುಂಬಾ ಉಳಿಯುತ್ತದೆ. ಒಣಗಿದ ಸ್ಪಂಜು ಪ್ರಯೋಜನ ಇಲ್ಲ.

ಮಕ್ಕಳ ಒತ್ತಾಯಕ್ಕೆ ಮೀನು ಬಂದೇಬಿಟ್ಟಿದ್ದರೆ 45 ಲೀಟರ್‌ಗೆ ಮೂರು ನಾಲ್ಕು ಸಣ್ಣ ಮೀನು ಸಾಕು. ಗೋಲ್ಡ್‌ಫಿಶ್ ದೊಡ್ಡದಾಗುವ ಮೀನು, ಕೊಳೆಯೂ ಜಾಸ್ತಿ, ಎರಡಡಿ ಟ್ಯಾಂಕ್‌ಗೆ ಹೇಳಿಸಿದ್ದಲ್ಲ. ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ, ದಿನಕ್ಕೆ ಒಮ್ಮೆ. ವಾರದಲ್ಲಿ ಒಂದು ದಿನ ಆಹಾರ ಕೊಡದಿದ್ದರೂ ಮೀನಿಗೆ ಏನೂ ಆಗುವುದಿಲ್ಲ.

ಅಮೋನಿಯಾ, ನೈಟ್ರೈಟ್, ಪಿಎಚ್ ನೋಡುವ ಟೆಸ್ಟ್ ಕಿಟ್ ಒಂದು ಇದ್ದರೆ ಊಹೆ ಮಾಡಬೇಕಿಲ್ಲ. ಪದೇಪದೇ ಮೀನು ತರುವ ಖರ್ಚಿಗೆ ಹೋಲಿಸಿದರೆ ಅದು ಲಾಭವೇ. ಕಿಟ್ ಇಲ್ಲದಿದ್ದರೆ ಮೀನಿನ ನಡವಳಿಕೆಯೇ ಸೂಚನೆ. ನೀರಿನ ಮೇಲ್ಗಡೆ ಬಂದು ಬಾಯಿ ಬಿಡುವುದು, ಕಿವಿರು ಕೆಂಪಾಗುವುದು, ರೆಕ್ಕೆ ಮುದುಡಿ ಮೂಲೆಯಲ್ಲಿ ನಿಲ್ಲುವುದು ಕಂಡರೆ ಆಹಾರ ನಿಲ್ಲಿಸಬೇಕು. ಶೇ. 20ರಿಂದ 25ರಷ್ಟು ನೀರನ್ನು ಕೂಡಲೇ ಬದಲಿಸಬೇಕು, ಮರುದಿನ ಮತ್ತೆ ಅಷ್ಟೇ. ಒಮ್ಮೆಗೇ ಎಲ್ಲ ಬದಲಿಸುವುದರಲ್ಲಿ ಅಪಾಯ ಉಂಟು. ಪಿಎಚ್ ಇಳಿದಿರುವ ಟ್ಯಾಂಕ್‌ಗೆ ಕ್ಷಾರದ ಬೋರ್ ನೀರನ್ನು ಒಮ್ಮೆಗೇ ಸುರಿದರೆ, ಅಷ್ಟರ ತನಕ ತೆಪ್ಪಗಿದ್ದ ಅಮೋನಿಯಾ ವಿಷದ ರೂಪಕ್ಕೆ ತಿರುಗುತ್ತದೆ. ನೀರು ಬದಲಿಸಿದ ಅರ್ಧ ಗಂಟೆಯಲ್ಲೇ ಮೀನು ಸಾಯುವುದಕ್ಕೆ ಇದೂ ಒಂದು ಕಾರಣ.

ವಾರದ ಕ್ಲೀನಿಂಗ್, ಹಂತ ಹಂತವಾಗಿ

1. ಹಿಂದಿನ ದಿನವೇ ಹೊಸ ನೀರನ್ನು ಬಾಯಿ ಅಗಲದ ಬಕೆಟ್‌ನಲ್ಲಿ ತುಂಬಿಸಿ ಮನೆಯೊಳಗೆ ಇಡಬೇಕು. ಸೋಪು ಮುಟ್ಟದ ಒಂದು ಬಕೆಟ್, ಒಂದು ಮಗ್ ಇದಕ್ಕೇ ಬೇರೆ ಇರಲಿ.

2. ಫಿಲ್ಟರ್, ಹೀಟರ್, ಲೈಟ್ ಎಲ್ಲದರ ಪ್ಲಗ್ ತೆಗೆದ ಮೇಲೆಯೇ ನೀರಿಗೆ ಕೈ ಹಾಕಬೇಕು. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಒಡೆಯುತ್ತದೆ.

3. ಗಾಜಿನ ಪಾಚಿಯನ್ನು ಹೊಸ ಸ್ಪಂಜು ಅಥವಾ ಹಳೆಯ ಪ್ಲಾಸ್ಟಿಕ್ ಕಾರ್ಡ್‌ನಿಂದ ಕೆರೆಯಬೇಕು. ನೋಡುವ ಕಡೆಯ ಗಾಜು ಒಂದು ತಿಳಿಯಾದರೆ ಸಾಕು, ಹಿಂದಿನ ಗಾಜಿನ ಪಾಚಿ ಅಲ್ಲೇ ಇರಲಿ.

4. ಪೈಪ್ ಹಾಕಿ ತಳದ ಕೊಳೆಯೊಂದಿಗೆ ಶೇ. 15ರಿಂದ 20ರಷ್ಟು ನೀರು ತೆಗೆಯಬೇಕು. 45 ಲೀಟರ್‌ಗೆ ಇದು 7ರಿಂದ 9 ಲೀಟರ್, ಒಂದು ಬಕೆಟ್ ಕೂಡ ಪೂರ್ತಿ ಆಗುವುದಿಲ್ಲ. ಬಾಯಲ್ಲಿ ಎಳೆಯಬಾರದು. ಪೈಪನ್ನು ಟ್ಯಾಂಕ್‌ನಲ್ಲೇ ಮುಳುಗಿಸಿ ನೀರು ತುಂಬಿಸಿ, ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ ಕೆಳಗಿನ ಬಕೆಟ್‌ಗೆ ಬಿಟ್ಟರೆ ನೀರು ತಾನೇ ಹರಿಯುತ್ತದೆ. ಜಲ್ಲಿಯ ಮೂರನೇ ಒಂದು ಭಾಗ ಮಾತ್ರ ಒಂದು ವಾರಕ್ಕೆ, ಉಳಿದದ್ದು ಮುಂದಿನ ವಾರಗಳಿಗೆ.

5. ಫಿಲ್ಟರ್ ಸ್ಪಂಜನ್ನು ತಿಂಗಳಿಗೊಮ್ಮೆ, ಟ್ಯಾಂಕ್‌ನಿಂದ ತೆಗೆದ ನೀರಿನಲ್ಲೇ ಎರಡು ಮೂರು ಸಲ ಹಿಂಡಿದರೆ ಸಾಕು. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಸ್ಪಂಜು ಕಂದು ಬಣ್ಣ ಇರುವುದು ಸಹಜ. ಜಲ್ಲಿ ತೆಗೆದು ತೊಳೆಯುವ ಕೆಲಸ ಮತ್ತು ಸ್ಪಂಜಿನ ಕೆಲಸ ಒಂದೇ ದಿನ ಬೇಡ.

6. ಹೊಸ ನೀರಿಗೂ ಟ್ಯಾಂಕ್‌ನ ನೀರಿಗೂ ಬಿಸಿಯಲ್ಲಿ ಒಂದೆರಡು ಡಿಗ್ರಿಗಿಂತ ಜಾಸ್ತಿ ಅಂತರ ಇರಬಾರದು. ಬೇಸಿಗೆಯ ಮಧ್ಯಾಹ್ನ ಟೆರೇಸ್ ಮೇಲಿನ ಸಿಂಟೆಕ್ಸ್‌ನಿಂದ ನೇರ ಬಿಟ್ಟರೆ ಸುಡುನೀರು ಬರುತ್ತದೆ. ಮಗ್‌ನಿಂದ ನಿಧಾನಕ್ಕೆ ಸುರಿದು, ಕೊನೆಗೆ ಪ್ಲಗ್ ಹಾಕಿ ಫಿಲ್ಟರ್ ಓಡುತ್ತಿದೆಯಾ ಅಂತ ನೋಡಬೇಕು.

ಕ್ಲೋರಿನ್, ಟ್ಯಾಂಕರ್ ಮತ್ತು ಆರ್‌ಒ

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಕ್ಲೋರಿನ್ ಹಾಕಿದ ನೀರಿನಲ್ಲಿ ಗ್ರಾಹಕರ ನಲ್ಲಿಗೆ ಬರುವಾಗ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನುಷ್ಯರಿಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಅದೇ ಗಾಯ. ಬಾಯಿ ಅಗಲದ ಬಕೆಟ್‌ನಲ್ಲಿ 24 ಗಂಟೆ ತೆರೆದಿಟ್ಟರೆ ಸಾಮಾನ್ಯವಾಗಿ ಕ್ಲೋರಿನ್ ಹೋಗುತ್ತದೆ, ಗಾಳಿಯ ಪಂಪ್ ಬಿಟ್ಟರೆ ಇನ್ನೂ ಬೇಗ. ತುರ್ತಿಗೆ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ದ್ರಾವಣವನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಬಹುದು. ಹೆಚ್ಚಿನವುಗಳಲ್ಲಿ ಇರುವುದು ಸೋಡಿಯಂ ಥಯೋಸಲ್ಫೇಟ್. ಕೆಲವು ದೇಶಗಳ ನಗರಗಳಲ್ಲಿ ಕ್ಲೋರಿನ್ ಬದಲು ಕ್ಲೋರಮಿನ್ ಬೆರೆಸುತ್ತಾರೆ. ಅದು ತೆರೆದಿಟ್ಟರೆ ಹೋಗುವುದಿಲ್ಲ. ಹೊರದೇಶದಲ್ಲಿರುವ ಕುಟುಂಬಗಳು ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಟ್ಯಾಂಕರ್ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವ ಕ್ರಮ ಉಂಟು, ಮಹಾರಾಷ್ಟ್ರದ ಕಡೆ ಅದಕ್ಕೆ ಟಿಸಿಎಲ್ ಪುಡಿ ಅನ್ನುತ್ತಾರೆ. ಹಾಕುವ ಪ್ರಮಾಣ ಪ್ರತಿ ಸಲ ಒಂದೇ ರೀತಿ ಇರುವುದಿಲ್ಲ. ವಾಸನೆ ಜೋರಾಗಿದ್ದರೆ ಎರಡು ದಿನ ಕಾಯುವುದೇ ಸರಿ. ಕರಾವಳಿಯಲ್ಲಿ ಬಾವಿಗೆ ಬ್ಲೀಚಿಂಗ್ ಹಾಕಿದ ಮೇಲೂ ಇದೇ ಎಚ್ಚರಿಕೆ. ಕ್ಲೋರಿನ್ ಇಲ್ಲದ ಬೋರ್ ನೀರನ್ನು ಕೂಡ ಒಂದು ದಿನ ಇಡಬೇಕು. ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಮ್ಮಿ, ಇಂಗಾಲದ ಡೈ ಆಕ್ಸೈಡ್ ಜಾಸ್ತಿ ಇರಬಹುದು. ಗಾಳಿ ತಾಗಿದ ಮೇಲೆ ಅದರ ಪಿಎಚ್ ಬದಲಾಗುತ್ತದೆ.

ಮರಾಠವಾಡದ ಹಲವು ಕಡೆ ಅಂತರ್ಜಲದಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ 45 ಮಿಲಿಗ್ರಾಂ ದಾಟಿದೆ. ಅಂಥ ನೀರಿನಿಂದ ಟ್ಯಾಂಕ್‌ನ ನೈಟ್ರೇಟ್ ಇಳಿಸಲಿಕ್ಕೆ ಆಗುವುದಿಲ್ಲ. ಅಲ್ಲಿ ಬೋರ್ ನೀರಿನ ಜೊತೆ ಅರ್ಧದಷ್ಟು ಆರ್‌ಒ ನೀರು ಅಥವಾ ಶುದ್ಧವಾಗಿ ಹಿಡಿದ ಮಳೆನೀರು ಬೆರೆಸಬಹುದು. ಬರೀ ಆರ್‌ಒ ನೀರು ಬೇಡ, ಅದರಲ್ಲಿ ಮೀನಿಗೆ ಬೇಕಾದ ಲವಣವೇ ಇರುವುದಿಲ್ಲ. ಆರ್‌ಒ ಮೆಷಿನ್ ಹೊರಗೆ ಬಿಡುವ ವೇಸ್ಟ್ ನೀರಂತೂ ಇನ್ನೂ ಗಡಸು, ಟ್ಯಾಂಕ್‌ಗೆ ಬೇಡ. ಬೇಸಿಗೆಯಲ್ಲಿ ಆವಿಯಾದ ನೀರಿನ ಜೊತೆ ಲವಣ ಹೋಗುವುದಿಲ್ಲ, ಕೆಳಗೇ ಉಳಿಯುತ್ತದೆ. ಕಮ್ಮಿಯಾದದ್ದನ್ನು ಬೋರ್ ನೀರಿನಿಂದಲೇ ತುಂಬಿಸುತ್ತಾ ಹೋದರೆ ವಾರದಿಂದ ವಾರಕ್ಕೆ ಗಡಸು ಏರುತ್ತದೆ. ತುಂಬಿಸುವುದು ಬೇರೆ, ಬದಲಿಸುವುದು ಬೇರೆ.

ನೀರಿನ ಲೆಕ್ಕ

2016ರ ಏಪ್ರಿಲ್‌ನಲ್ಲಿ ಲಾತೂರು ನಗರಕ್ಕೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಮೊದಲ ರೈಲು 10 ವ್ಯಾಗನ್‌ಗಳಲ್ಲಿ ಸುಮಾರು 5 ಲಕ್ಷ ಲೀಟರ್ ನೀರು ಹೊತ್ತು ಬಂತು. ಆ ಜಿಲ್ಲೆಯ ಮನೆಗಳಲ್ಲಿ ಅಕ್ವೇರಿಯಂ ಇಡುವಾಗ ನೀರಿನ ಲೆಕ್ಕವೂ ಜೊತೆಯಲ್ಲೇ ಬರುತ್ತದೆ. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬ ಗುರಿ ಇಟ್ಟುಕೊಂಡಿದೆ. ಎರಡಡಿ ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿ ಮಾಡಿದರೆ 45 ಲೀಟರ್ ಹೋಯಿತು, ಒಬ್ಬರ ಒಂದು ದಿನದ ಪಾಲಿನಲ್ಲಿ ಹೆಚ್ಚಿನದ್ದೂ ಮುಗಿಯಿತು. ವಾರಕ್ಕೊಮ್ಮೆ ಹಾಗೆ ಮಾಡಿದರೆ ನಾಲ್ಕು ವಾರಕ್ಕೆ 180 ಲೀಟರ್. ವಾರಕ್ಕೆ 9 ಲೀಟರ್ ಬದಲಿಸಿದರೆ 36 ಲೀಟರ್. ಕಮ್ಮಿ ನೀರಿನ ದಾರಿಯೇ ಇಲ್ಲಿ ಮೀನಿಗೂ ಒಳ್ಳೆಯದು.

ಆ 36 ಲೀಟರ್ ಕೂಡ ವ್ಯರ್ಥ ಆಗಬೇಕಿಲ್ಲ. ಉಪ್ಪು, ಔಷಧ ಹಾಕದ ಟ್ಯಾಂಕ್‌ನ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಹೂಕುಂಡ, ಕರಿಬೇವಿನ ಗಿಡಕ್ಕೆ ಅದೇ ಗೊಬ್ಬರ.

ಕರೆಂಟ್ ಹೋದಾಗ

ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಬ್ಯಾಟರಿಯ ಗಾಳಿ ಪಂಪ್ ಒಂದು ಇಟ್ಟುಕೊಳ್ಳುವುದು ಒಳ್ಳೆಯದು. ಕರೆಂಟ್ ಇಲ್ಲದಾಗ ಆಹಾರ ಹಾಕಬಾರದು. ಪಂಪ್ ಇಲ್ಲದಿದ್ದರೆ ಮಗ್‌ನಿಂದ ನೀರು ಎತ್ತಿ ಮೇಲಿನಿಂದ ಸುರಿಯುತ್ತಾ ಇದ್ದರೂ ಗಾಳಿ ಸೇರುತ್ತದೆ. ಡಬ್ಬಿಯ ಹಾಗೆ ಮುಚ್ಚಿದ ಫಿಲ್ಟರ್ ಹಲವು ಗಂಟೆ ನಿಂತರೆ ಒಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯಲಿಕ್ಕೆ ಶುರು. ಕರೆಂಟ್ ಬಂದ ಕೂಡಲೇ ಆ ಕೊಳೆ ನೀರು ಟ್ಯಾಂಕ್‌ಗೆ ಇಳಿಯಬಾರದು. ಫಿಲ್ಟರನ್ನು ಮೊದಲು ಟ್ಯಾಂಕ್‌ನ ನೀರಿನಲ್ಲಿ ಅದ್ದಿ ತೆಗೆದು ಆಮೇಲೆ ಓಡಿಸಬೇಕು.

ಮನೆಯವರಿಗೂ ಊರಿನ ನೀರಿಗೂ

ಟ್ಯಾಂಕ್‌ನ ನೀರಿನಲ್ಲಿ ಚರ್ಮದ ಗಾಯಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾ ಇರಬಹುದು. ಕೈಯಲ್ಲಿ ಗಾಯ ಇದ್ದಾಗ ಗ್ಲೌಸ್ ಇಲ್ಲದೆ ಕೈ ಹಾಕಬಾರದು. ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆಯಬೇಕು. ಕೆಲಸಕ್ಕೆ ಮೊದಲು ಬರೀ ನೀರಿನಲ್ಲಿ ತೊಳೆದರೆ ಸಾಕು, ಕೈಯ ಸೋಪು ಮತ್ತು ಕ್ರೀಮ್ ಮೀನಿಗೆ ಆಗುವುದಿಲ್ಲ. ಕೊಳೆ ನೀರನ್ನು ಅಡುಗೆ ಮನೆಯ ಸಿಂಕ್‌ಗೆ ಚೆಲ್ಲಬಾರದು, ಬಾವಿಕಟ್ಟೆಯ ಹತ್ತಿರವೂ ಬೇಡ.

ಸಾಕಿ ಬೇಸರವಾದ ಮೀನನ್ನು ಕೆರೆ, ತೋಡು, ಹೊಳೆಗೆ ಬಿಡುವುದು ದಯೆಯ ಕೆಲಸ ಅಲ್ಲ. ಪಾಚಿ ತಿನ್ನುತ್ತದೆ ಅಂತ ಅಂಗಡಿಯಿಂದ ತರುವ ದಕ್ಷಿಣ ಅಮೆರಿಕದ ಸಕ್ಕರ್ ಕ್ಯಾಟ್‌ಫಿಶ್ ದೊಡ್ಡದಾಗಿ, ಟ್ಯಾಂಕ್‌ನಲ್ಲಿ ಜಾಗ ಸಾಲದೆ ಹೊರಗೆ ಬಿಟ್ಟದ್ದರಿಂದ ಭಾರತದ ಹಲವು ನದಿ, ಕೆರೆಗಳಲ್ಲಿ ನೆಲೆಯೂರಿ ಸ್ಥಳೀಯ ಮೀನಿಗೂ ಬಲೆ ಹಾಕುವವರಿಗೂ ಉಪದ್ರ ಆಗಿದೆ. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಬೇಕು ಅಥವಾ ಸಾಕುವವರಿಗೆ ಕೊಡಬೇಕು. ಗಿಡದ ಚೂರನ್ನೂ ತೋಡಿಗೆ ಬಿಸಾಡದೆ ಒಣಗಿಸಿ ಕಸಕ್ಕೆ ಹಾಕಬೇಕು.

ಆರು ವಾರ ದಾಟಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಎರಡು ವಾರಕ್ಕೆ ಒಂದೆರಡು ಮೀನಿನ ಹಾಗೆ ಸೇರಿಸಬಹುದು. ಪ್ರತಿ ಸಲ ಸೇರಿಸಿದಾಗ ಬ್ಯಾಕ್ಟೀರಿಯಾಕ್ಕೂ ಹೆಚ್ಚಲಿಕ್ಕೆ ಕೆಲವು ದಿನ ಬೇಕು. ಅಲ್ಲಿಂದ ಮುಂದೆ ವಾರಕ್ಕೆ ಅರ್ಧ ಗಂಟೆ, ಒಂದು ಬಕೆಟ್ ನೀರು, ಇಷ್ಟೇ ಕೆಲಸ.